ತಕ್ಕಡಿ ರಿಪೇರಿ ಭಾವನ ತೂಕ

ನನ್ನ ಭಾವನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಕಡಿಮೆ. ಯಾರಾದರೂ ‘ಸುಮಾರು ಎರಡು ಕಿಲೋ ಇರಬಹುದು’ ಎಂದರೆ ಸಾಕು, ಅವರ ಹುಬ್ಬು ಗಂಟಿಕ್ಕುತ್ತದೆ. ಸುಮಾರು ಎನ್ನುವುದು ಅವರ ಲೆಕ್ಕದಲ್ಲಿ ಸುಳ್ಳಿನ ತಮ್ಮ. ಮದುವೆಯಾದ ಹೊಸದರಲ್ಲಿ ಅಕ್ಕ ‘ನನ್ನ ಮೇಲೆ ಎಷ್ಟು ಪ್ರೀತಿ’ ಎಂದು ಕೇಳಿದ್ದಕ್ಕೆ, ಅಳತೆ ಇಲ್ಲದ್ದರ ಬಗ್ಗೆ ತಾನು ಮಾತಾಡುವುದಿಲ್ಲ ಎಂದಿದ್ದರಂತೆ. ಅಕ್ಕ ಒಂದು ವಾರ ಮಾತು ಬಿಟ್ಟಳು. ಒಂದು ವಾರವಲ್ಲ, ಏಳು ದಿನ ನಾಲ್ಕು ಗಂಟೆ ಎಂದು ಭಾವ ಇವತ್ತಿಗೂ ತಿದ್ದುತ್ತಾರೆ.

ಅವರ ಕಸುಬು ತಕ್ಕಡಿ ರಿಪೇರಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಕೆಟ್ಟ ತಕ್ಕಡಿಗಳು, ಹಿಂದಿನದರಲ್ಲಿ ಸರಿಯಾದವು, ಎರಡರ ನಡುವೆ ನಾನು. ನಾನು ಅವರ ಹೆಂಡತಿಯ ತಮ್ಮ. ಬೇರೆಲ್ಲೂ ಕೆಲಸ ನಿಲ್ಲಲಿಲ್ಲವೆಂದು ಅಕ್ಕ ಹನ್ನೊಂದು ವರ್ಷದ ಹಿಂದೆ ನನ್ನನ್ನು ಇಲ್ಲಿಗೆ ತಂದು ಬಿಟ್ಟಳು. ಬಂಗಾರದಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ಹತ್ತಿಸಿ ತೂಗುವ ವೇ ಬ್ರಿಡ್ಜಿನವರೆಗೆ ಎಲ್ಲವನ್ನೂ ನಾವು ರಿಪೇರಿ ಮಾಡುತ್ತೇವೆ. ನಾವು ಎಂದರೆ ಭಾವ. ನಾನು ಸ್ಪ್ಯಾನರ್ ಕೊಡುತ್ತೇನೆ.

ಈ ವೇ ಬ್ರಿಡ್ಜಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದಲೇ. ಮೇಲೆ ನೋಡಿದರೆ ಅದೊಂದು ದೊಡ್ಡ ಕಬ್ಬಿಣದ ಹಾಸು, ಅಷ್ಟೆ. ಭಾರವನ್ನು ಅಳೆಯುವ ಯಂತ್ರಗಳು ಇರುವುದು ಅದರ ಕೆಳಗಿನ ಗುಂಡಿಯಲ್ಲಿ. ಗುಂಡಿಗೆ ಇಳಿಯಲು ಒಂದು ಚೌಕದ ಬಾಯಿ. ಊರಾಚೆಯ ಜಲ್ಲಿ ಕ್ರಷರಿನ ಗುಂಡಿಗೆ ಹದಿನೆಂಟು ಅಂಗುಲದ ಬಾಯಿ ಇಟ್ಟ ಪುಣ್ಯಾತ್ಮ ಯಾರೋ, ಅವನು ಕಡ್ಡಿಯಂತೆ ಇದ್ದಿರಬೇಕು.

ಭಾವ ಇಪ್ಪತ್ತಾರು ವರ್ಷ ಆ ಬಾಯಲ್ಲಿ ಇಳಿದು ಹತ್ತಿದ್ದರು. ಅದು ಅಷ್ಟೇ ಇತ್ತು, ಇವರು ಮಾತ್ರ ವರ್ಷವರ್ಷಕ್ಕೂ ಬೆಳೆದರು. ಒಂದು ದಿನ ಇಳಿಯುವಾಗ ಸರಾಗವಾಗಿ ಇಳಿದವರು ಹತ್ತುವಾಗ ಸಿಕ್ಕಿಕೊಂಡರು. ಎದೆಯವರೆಗೆ ಹೊರಗೆ, ಹೊಟ್ಟೆಯಿಂದ ಕೆಳಗೆ ಒಳಗೆ. ನಲವತ್ತು ನಿಮಿಷ ವೇ ಬ್ರಿಡ್ಜು ನಿಂತಿತು, ಹಿಂದೆ ಹದಿನೇಳು ಲಾರಿ ಸಾಲುಗಟ್ಟಿದವು. ಪ್ರತಿ ಚಾಲಕನೂ ಇಳಿದು ಬಂದು ಒಂದೊಂದು ಸಲಹೆ ಕೊಟ್ಟ. ಉಸಿರು ಬಿಡಿ ಎಂದ ಒಬ್ಬ, ಬಿಗಿಹಿಡಿಯಿರಿ ಎಂದ ಇನ್ನೊಬ್ಬ. ಕೊನೆಗೆ ಬೇರಿಂಗಿಗೆ ಹಚ್ಚುವ ಗ್ರೀಸನ್ನು ಸುತ್ತಲೂ ಸವರಿ ನಾಲ್ಕು ಜನ ಎಳೆದೆವು. ಭಾವ ಹೊರಗೆ ಬಂದವರು ಯಾರ ಮುಖವನ್ನೂ ನೋಡದೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದರು. ನನಗೆ ನಗು ಬಂದಿತ್ತು. ಅವರ ಬೆನ್ನು ನೋಡಿ ನಗಲಾಗಲಿಲ್ಲ.

ಆಮೇಲೆ ಗುಂಡಿಗೆ ಇಳಿಯುವವನು ನಾನಾದೆ. ಇಲ್ಲೊಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗುಂಡಿ ಎಂದರೆ ಪ್ರಾಣಭಯ. ಕತ್ತಲು, ಕೆಸರು, ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ. ಬೇಗ ಹೊರಗೆ ಬರುವ ಆತುರದಲ್ಲಿ ಒಂದು ವೈರನ್ನು ಅರ್ಧ ಬಿಗಿದು ಬಂದೆ. ಎರಡು ದಿನ ಕ್ರಷರಿನ ಲಾರಿಗಳೆಲ್ಲ ತಮ್ಮ ತೂಕಕ್ಕಿಂತ ಹಗುರವಾದವು. ಯಜಮಾನರು ಬೈಯಲಿಲ್ಲ. ಮುಂದಿನ ವಾರ್ಷಿಕ ಪರೀಕ್ಷೆಗೆ ನೀವೇ ಇಳಿಯುವುದಾದರೆ ಬನ್ನಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಭಾವನಿಗೆ ಮೆತ್ತಗೆ ಹೇಳಿದರು. ಒಂದು ಕಡೆ ಬೇರೆಯವರು ಬಂದರೆ ಉಳಿದ ವೇ ಬ್ರಿಡ್ಜಿನವರೂ ಅವರ ಹಿಂದೆಯೇ ಹೋಗುತ್ತಾರೆ. ಆಮೇಲೆ ನಮಗೆ ಉಳಿಯುವುದು ತರಕಾರಿ ತಕ್ಕಡಿ. ಪರೀಕ್ಷೆಗೆ ಹನ್ನೊಂದು ತಿಂಗಳಿತ್ತು. ಭಾವ ಆ ವಾರವೇ ಡಾಕ್ಟರ ಹತ್ತಿರ ಹೋಗಿ, ಅಕ್ಕ ಎರಡು ವರ್ಷದಿಂದ ಹೇಳುತ್ತಿದ್ದ ತೂಕ ಇಳಿಸುವ ಆಪರೇಷನ್ನಿಗೆ ಒಪ್ಪಿಕೊಂಡರು.

ಡಾಕ್ಟರು ಹೊಟ್ಟೆಯೊಳಗಿನ ಜಠರವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಸಣ್ಣದು ಮಾಡಿದರು. ಆಸ್ಪತ್ರೆಗೆ ಸೇರಿದ ದಿನ ತೂಕ ನೂರನಲವತ್ತೊಂದು ಕಿಲೋ ಆರುನೂರು ಗ್ರಾಂ. ಅರಿವಳಿಕೆ ಕೊಡುವ ಮುಂಚೆ ಭಾವ ಕೇಳಿದ ಕೊನೆಯ ಪ್ರಶ್ನೆ, ಕತ್ತರಿಸಿ ತೆಗೆದ ತುಂಡನ್ನು ತೂಗುತ್ತೀರಾ ಎಂದು. ಮನೆಗೆ ಬಂದಮೇಲೆ ಗುಟುಕು ನೀರು, ಎರಡು ಚಮಚ ಸೂಪು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಅಕ್ಕ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಅವಳ ಕೈಗೆ ಹಳೆಯ ಅಳತೆಯೇ ರೂಢಿಯಾಗಿದ್ದರಿಂದ ಅಡುಗೆ ಮಾತ್ರ ಕಡಿಮೆಯಾಗಲಿಲ್ಲ. ಉಳಿದದ್ದನ್ನು ಖಾಲಿ ಮಾಡುವ ಜವಾಬ್ದಾರಿಯನ್ನು ನಾನು ಹೊತ್ತೆ. ಯಾರಾದರೂ ಹೊರಬೇಕಲ್ಲ.

ಮೊದಲ ಮೂರು ವಾರದಲ್ಲಿ ಹನ್ನೊಂದು ಕಿಲೋ ಇಳಿಯಿತು. ಭಾವ ಬೆಳಿಗ್ಗೆ ಎದ್ದೊಡನೆ ತಕ್ಕಡಿ ಹತ್ತಿ, ಇಳಿದು, ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿ ಬರೆದು, ನನಗೆ ಫೋನು ಮಾಡಿ ಹೇಳುವರು. ಕ್ರಿಕೆಟ್ ಸ್ಕೋರಿನ ಹಾಗೆ ನಾನೂ ಕಾಯುತ್ತಿದ್ದೆ. ನಾಲ್ಕನೆಯ ವಾರ ಅಂಕಿ ನೂರಮೂವತ್ತು ಕಿಲೋ ಇನ್ನೂರು ಗ್ರಾಮಿಗೆ ಬಂದು ಕೂತುಬಿಟ್ಟಿತು. ಒಂದು ದಿನ, ಎರಡು ದಿನ, ಒಂಬತ್ತು ದಿನ. ಅದೇ ಎರಡು ಚಮಚ ಸೂಪು, ಅದೇ ಅಂಕಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಭಾವ ನಿಜವಾಗಿಯೂ ರಸಮಟ್ಟ ತಂದು ನೆಲ ನೋಡಿದರು. ನೆಲ ಡೊಂಕಿರಲಿಲ್ಲ. ತಕ್ಕಡಿಯನ್ನು ಬಿಚ್ಚಿದರು. ಒಳಗೊಂದು ಜಿರಳೆ ಸತ್ತು ಬಿದ್ದಿತ್ತು. ಇಡೀ ಮುಖ ಅರಳಿತು. ಜಿರಳೆಯನ್ನು ತೆಗೆದು, ಒರೆಸಿ, ಜೋಡಿಸಿ, ಹತ್ತಿ ನಿಂತರೆ ಮತ್ತೆ ಅದೇ ನೂರಮೂವತ್ತು ಕಿಲೋ ಇನ್ನೂರು ಗ್ರಾಂ. ಜಿರಳೆಯನ್ನೂ ಬಂಗಾರದ ತಕ್ಕಡಿಯಲ್ಲಿ ತೂಗಿ ನೋಡಿದರು, ಅದು ಒಂದು ಗ್ರಾಮೂ ಇರಲಿಲ್ಲ.

ಆಮೇಲೆ ಅಂಗಡಿಯಲ್ಲಿದ್ದ ತಕ್ಕಡಿಗಳ ಸರದಿ. ಮೂಟೆ ತೂಗುವುದರ ಮೇಲೆ ನಿಂತರು, ಗ್ಯಾಸ್ ಸಿಲಿಂಡರ್ ತೂಗುವುದರ ಮೇಲೆ ಕೂತರು, ಸೂಟ್‌ಕೇಸ್ ತೂಗುವ ಕೊಕ್ಕೆಯನ್ನು ಜಂತಿಗೆ ಕಟ್ಟಿ ಅದಕ್ಕೆ ಜೋತುಬಿದ್ದರು. ಜಂತಿ ಕಿರುಗುಟ್ಟಿತು, ಪಕ್ಕದ ಬಡಗಿ ಓಡಿಬಂದ. ಚಿಕ್ಕ ತಕ್ಕಡಿಗಳನ್ನು ಎರಡೆರಡು ಜೋಡಿಸಿ, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ಕೂಡಿಸಿದರು. ಒಂದು ಅಳಿಯ ಅಂದರೆ ಇನ್ನೊಂದು ಮಗಳ ಗಂಡ ಅಂದಿತು. ಎಲ್ಲವೂ ಭಾವನೇ ಸರಿಮಾಡಿಟ್ಟ ತಕ್ಕಡಿಗಳು, ಒಂದಾದರೂ ತಪ್ಪು ಹೇಳಬೇಕಾದರೆ ಹೇಗೆ ಹೇಳೀತು? ಸ್ಟೂಲಿನ ಮೇಲೆ ಕೂತು ಅವರು ಹೇಳಿದ ಮಾತು ಕೇಳಿ ನನಗೇ ಪಾಪ ಎನ್ನಿಸಿತು. ಜೀವಮಾನದಲ್ಲಿ ಮೊದಲ ಸಲ ಒಂದು ತಕ್ಕಡಿ ಕೆಟ್ಟಿರಲಿ ಎಂದು ಆಸೆಪಡುತ್ತಿದ್ದೇನೆ ಎಂದರು.

ಆಸ್ಪತ್ರೆಯಲ್ಲಿ ಊಟ, ವ್ಯಾಯಾಮ ಎರಡನ್ನೂ ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು. ಭಾವನ ಅರ್ಧ ವಯಸ್ಸು, ಎರಡರಷ್ಟು ತಾಳ್ಮೆ. ಹೀಗೆ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ತಾನಾಗಿ ಬಿಟ್ಟುಹೋಗುತ್ತದೆ, ದಿನಾ ತೂಕ ನೋಡಬೇಡಿ, ನಡಿಗೆ ಶುರುಮಾಡಿ, ಗಾಯ ಪೂರ್ತಿ ಆರಿದ ಮೇಲೆ ಕೈಗೆ ಸಣ್ಣ ಭಾರ ಹಿಡಿದು ಎತ್ತಿಳಿಸಿ ಎಂದರು. ಭಾರಕ್ಕೆ ನಮ್ಮಲ್ಲೇನು ಬರ? ಪರೀಕ್ಷೆಗೆ ಬಳಸುವ ತೂಕದ ಬಟ್ಟುಗಳು ರಾಶಿ ಇದ್ದವು. ಆದರೆ ಅವುಗಳಿಗೆ ಬೆವರು ತಾಗಿದರೆ ತೂಕ ಕೆಡುತ್ತದೆಂದು ಭಾವನ ಶಿಸ್ತು. ಹಾಗಾಗಿ ಬನಿಯನ್ನು, ಚಡ್ಡಿ, ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಅಂಗಳದಲ್ಲಿ ನಿಂತು ಎರಡೆರಡು ಕಿಲೋದ ಬಟ್ಟು ಎತ್ತಿಳಿಸುತ್ತಿದ್ದರು. ಸಂಜೆಗೆ ಐದು ಕಿಲೋಮೀಟರ್ ನಡಿಗೆ, ಜೊತೆಗೆ ಬಲಿಪಶು ನಾನು.

ಹೀಗೆ ಒಂದು ವಾರ ಬೆವರು ಹರಿಸಿ ತಕ್ಕಡಿ ಹತ್ತಿದರೆ ಒಂದು ಕಿಲೋ ಇನ್ನೂರು ಗ್ರಾಂ ಹೆಚ್ಚಿತ್ತು. ಗಾಯದ ಮೇಲೆ ಬರೆ. ಹಗಲೆಲ್ಲ ಮಲಗಿದ್ದಾಗ ಇಳಿದ ತೂಕ ದುಡಿದಾಗ ಏರಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನಗೂ ಬಂತು, ನಡೆದವನು ನಾನೂ ಅಲ್ಲವೆ. ಫೋನಿನಲ್ಲಿ ಮೇಡಂ ಮತ್ತೆ ತಾಳ್ಮೆಯಿಂದ ವಿವರಿಸಿದರು: ಅದು ಕೊಬ್ಬಲ್ಲ, ಹೊಸದಾಗಿ ಕೆಲಸ ಮಾಡಿದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಇಷ್ಟು ದೊಡ್ಡ ಮಾತಿನಲ್ಲಿ ಭಾವನ ಕಿವಿಗೆ ಹೋದದ್ದು ನೀರು ಎಂಬ ಒಂದೇ ಪದ.

ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಬಟ್ಟು ಸಾಲದೆ ಬಂದಾಗ ನೀರಿನ ಕ್ಯಾನು ತುಂಬಿ ತಕ್ಕಡಿಯ ಮೇಲಿಡುತ್ತೇವೆ, ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ದಿನಕ್ಕೆ ಎರಡು ಲೀಟರ್ ಗುಟುಕುಗುಟುಕಾಗಿ ಕುಡಿಯಲೇಬೇಕು ಎಂದು ಡಾಕ್ಟರು ಹೇಳಿದ್ದನ್ನು ಭಾವ ತಕ್ಕಡಿಯ ಭಾಷೆಗೆ ತಿರುಗಿಸಿಕೊಂಡರು: ದಿನಾ ಎರಡು ಕಿಲೋ ಒಳಗೆ ಹಾಕುತ್ತಿದ್ದೇನೆ. ಮಾರನೆಯ ದಿನದಿಂದ ಅಕ್ಕ ತುಂಬಿಸಿಕೊಟ್ಟ ಬಾಟಲಿಯನ್ನು ಅಂಗಡಿಯ ಮುಂದಿನ ಹೂಕುಂಡಕ್ಕೆ ಸುರಿಯತೊಡಗಿದರು. ಕುಂಡದ ಗಿಡ ಹಿಂದೆಂದೂ ಇಲ್ಲದಷ್ಟು ಚಿಗುರಿತು. ಅದರ ಆರೈಕೆಗೆ ನಾನು ಅವರನ್ನು ಹೊಗಳಿದೆ ಬೇರೆ. ನಾಲ್ಕು ದಿನದಲ್ಲಿ ಎರಡು ಕಿಲೋ ಮುನ್ನೂರು ಗ್ರಾಂ ಇಳಿಯಿತು. ತುಟಿ ಒಡೆದಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ.

ಐದನೆಯ ದಿನ ಈರುಳ್ಳಿ ಮಂಡಿಯಲ್ಲಿ ಕೆಲಸ. ಬಿಸಿಲಲ್ಲಿ ಎದ್ದು ನಿಂತವರು ಹಾಗೇ ಕುಸಿದರು. ಬಿದ್ದದ್ದು ನೆಲದ ಮೇಲಲ್ಲ, ಆಗ ತಾನೇ ಸರಿಮಾಡಿದ್ದ ಮೂಟೆ ತಕ್ಕಡಿಯ ಮೇಲೆ. ನಾನು ಓಡಿಹೋಗಿ ತಲೆ ಎತ್ತಿ ಹಿಡಿದೆ. ಮಂಡಿಯವರು ಮುಖಕ್ಕೆ ನೀರು ಚಿಮುಕಿಸಿದರು. ಭಾವ ಕಣ್ಣು ಬಿಟ್ಟು, ನನ್ನನ್ನು ಗುರುತು ಹಿಡಿದು, ಒಣಗಿದ ಗಂಟಲಲ್ಲಿ ಕೇಳಿದ್ದು ಇಷ್ಟು:

“ಎಷ್ಟು ತೋರಿಸ್ತು?”

ನಾಚಿಕೆಗೇಡಿನ ಸಂಗತಿ ಏನೆಂದರೆ, ನಾನು ಅಂಕಿ ನೋಡಿದ್ದೆ. ನೂರಿಪ್ಪತ್ತೆಂಟು ಕಿಲೋ ಆರುನೂರು ಗ್ರಾಂ. ಅದನ್ನು ಹೇಳಿಯೂ ಹೇಳಿದೆ. ಅವರು ನಕ್ಕು ಮತ್ತೆ ಕಣ್ಣು ಮುಚ್ಚಿದರು. ಮಂಡಿಯವರ ಟೆಂಪೋದಲ್ಲೇ ಅವರನ್ನು ಆಸ್ಪತ್ರೆಗೆ ಸಾಗಿಸಿದೆ.

ಆಸ್ಪತ್ರೆಯಲ್ಲಿ ಒಂದರ ಹಿಂದೊಂದು ಡ್ರಿಪ್ಪಿನ ಬಾಟಲಿ ಏರಿಸಿದರು. ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಕಿಡ್ನಿ ಕೈಕೊಡುತ್ತಿತ್ತು ಎಂದರು ಡಾಕ್ಟರು. ಭಾವ ಬಾಟಲಿಯನ್ನೇ ನೋಡುತ್ತ ಒಂದೊಂದು ಅರ್ಧ ಕಿಲೋ ಎಂದು ಗೊಣಗಿದ್ದು ಅಕ್ಕನ ಕಿವಿಗೆ ಬಿತ್ತು. ಅಕ್ಕ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ದನಿ ಎತ್ತಿ ಅಭ್ಯಾಸವಿಲ್ಲ. ಅವತ್ತೂ ಎತ್ತಲಿಲ್ಲ.

“ನಾನು ನಿಮ್ಮನ್ನ ಆಪರೇಷನ್‌ಗೆ ಒಪ್ಪಿಸಿದ್ದು ತೂಕ ಇಳೀಲಿ ಅಂತಲ್ಲ ರೀ,” ಎಂದಳು. “ಇನ್ನೊಂದಷ್ಟು ವರ್ಷ ನನ್ನ ಜೊತೆ ಜಗಳ ಆಡ್ತಾ ಇರ್ತೀರಿ ಅಂತ. ನೀವೇ ಇಲ್ದೇ ಹೋದ್ರೆ ಆ ಅಂಕಿ ಇಟ್ಕೊಂಡು ನಾನೇನು ಮಾಡ್ಲಿ?”

ಭಾವ ಅಕ್ಕನ ಕೈ ಹಿಡಿದುಕೊಂಡರು. ನಾನು ಕಿಟಕಿಯ ಹೊರಗೆ ನೋಡಬೇಕಾಯಿತು.

ಮಾರನೆಯ ದಿನವೇ ಮನೆಯ ತಕ್ಕಡಿ ಗ್ರಂಥಾಲಯದ ಬೀರುವಿನಲ್ಲಿ ನಿಘಂಟುಗಳ ಹಿಂದೆ ಬಂದಿಯಾಯಿತು. ತೂಕ ನೋಡುವುದು ತಿಂಗಳಿಗೆ ಒಂದೇ ಸಲ, ಮೇಡಂ ಮುಂದೆ. ಅಂಗಡಿಯ ತಕ್ಕಡಿಗಳನ್ನು ಕಾಯುವ ಕೆಲಸ ನನ್ನ ತಲೆಗೆ ಬಂತು. ಮೀನಿನಂಗಡಿಗೆ ಬೆಕ್ಕನ್ನು ಕಾವಲಿಟ್ಟರೆ ಬೆಕ್ಕನ್ನು ಕಾಯುವುದು ಯಾರು? ಭಾವ ಸುಮ್ಮನೆ ನಡೆದುಹೋದಂತೆ ಮಾಡಿ ಒಂದು ಕಾಲಿಡುವರು. ಪರೀಕ್ಷೆ ಮಾಡುತ್ತಿದ್ದೇನೆ ಎನ್ನುವರು. ಕೊನೆಗೆ ನಾನು ಪ್ರತಿ ತಕ್ಕಡಿಯ ಮೇಲೂ ಏನಾದರೊಂದು ಹೇರಿಟ್ಟೆ: ಇಸ್ತ್ರಿಪೆಟ್ಟಿಗೆ, ಹಳೆಯ ಟೈರು, ನನ್ನ ಊಟದ ಡಬ್ಬಿ.

ಅಂಕಿ ಇಲ್ಲದೆ ವ್ಯಾಯಾಮಕ್ಕೆ ಮನಸ್ಸೇ ಬರುತ್ತಿಲ್ಲವೆಂದು ಒಂದು ವಾರ ಮುಖ ಊದಿಸಿಕೊಂಡಿದ್ದ ಭಾವ, ಒಂದು ಬೆಳಿಗ್ಗೆ ಪಕ್ಕದ ಬಡಗಿಯ ಹತ್ತಿರ ಹೋಗಿ ಹಲಗೆಯ ಚೌಕಟ್ಟೊಂದನ್ನು ಮಾಡಿಸಿಕೊಂಡು ಬಂದರು. ಒಳಅಳತೆ ಹದಿನೆಂಟು ಅಂಗುಲ, ಕ್ರಷರಿನ ಗುಂಡಿಯ ಬಾಯಿಯಷ್ಟೇ. ಮೊದಲ ದಿನ ಎರಡೂ ಕೈ ಮೇಲೆತ್ತಿ ತಲೆಯ ಮೇಲಿಂದ ತೂರಿಸಿಕೊಂಡರು. ಎದೆ ದಾಟಿ ಹೊಟ್ಟೆಗೆ ಬಂದು ನಿಂತಿತು, ಕೆಳಗೂ ಹೋಗದು, ಮೇಲೂ ಬಾರದು. ಅದನ್ನೇ ತೊಟ್ಟುಕೊಂಡು ಅಂಗಳವೆಲ್ಲ ತಿರುಗಿದರು. ಅಂಚೆಯವನು ಬಂದಾಗ ಅದೇ ವೇಷದಲ್ಲಿ ಸಹಿ ಮಾಡಿದರು. ಅವನು ಏನೂ ಕೇಳಲಿಲ್ಲ, ಆದರೆ ಮಾರನೆಯ ದಿನ ಕಾಗದವಿಲ್ಲದಿದ್ದರೂ ಬಂದ.

ತಿಂಗಳುಗಳು ಉರುಳಿದವು. ನೀರು ಗುಟುಕುಗುಟುಕಾಗಿ ಒಳಗೆ ಹೋಯಿತು, ಗಿಡ ಬಾಡಿತು. ಮೇಡಂ ಮುಂದಿನ ಅಂಕಿ ಒಮ್ಮೆ ಐದು ಕಿಲೋ ಇಳಿದರೆ ಒಮ್ಮೆ ನಾನೂರು ಗ್ರಾಂ ಏರಿತು. ವಿಚಿತ್ರವೆಂದರೆ ನಾನೂರು ಗ್ರಾಂ ಏರಿದ ತಿಂಗಳೇ ಚೌಕಟ್ಟು ಮೊದಲ ಸಲ ಸೊಂಟ ದಾಟಿ ಕೆಳಗೆ ಬಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ಕಾಲ ಬಳಿ ಬಿದ್ದ ಚೌಕಟ್ಟನ್ನು ಎತ್ತಿ, ಬಡಗಿ ಅಳತೆ ತಪ್ಪಿದ್ದಾನೇನೋ ಎಂದು ಟೇಪು ಹಿಡಿದು ನೋಡಿದರು.

ವಾರ್ಷಿಕ ಪರೀಕ್ಷೆಯ ದಿನ ಬಂತು. ಹಿಂದಿನ ದಿನ ಇಪ್ಪತ್ತು ಕಿಲೋದ ಇಪ್ಪತ್ತೈದು ಬಟ್ಟುಗಳನ್ನು ಭಾವ ತಾವೇ ವ್ಯಾನಿಗೆ ಏರಿಸಿದ್ದರು. ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸು ಎಂದರು. ಮಾತ್ರೆಗೆ ಎಂದುಕೊಂಡೆ. ಐದು ನಿಮಿಷದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಮುಖ ಹುಳ್ಳಗೆ ಮಾಡಿಕೊಂಡು ಹೊರಗೆ ಬಂದಾಗಲೇ ಗೊತ್ತಾಯಿತು, ಒಳಗೆ ತಕ್ಕಡಿಯಿದೆ ಎಂದು. ಮೂರು ದಿನದ ಹಿಂದೆ ಮೇಡಂ ಹತ್ತಿರ ನೂರಮೂರು ಕಿಲೋ ಇನ್ನೂರು ಗ್ರಾಂ ಇತ್ತು. ಈಗ ನೂರನಾಲ್ಕು ಕಿಲೋ ಆರುನೂರು ಗ್ರಾಂ.

ಕ್ರಷರ್ ತಲುಪಿದೆವು. ಯಜಮಾನರು ಛತ್ರಿ ಹಿಡಿದು ನಿಂತಿದ್ದರು. ಲಾರಿಗಳು ಸಾಲಾಗಿದ್ದವು, ಹಳೆಯ ಚಾಲಕರಲ್ಲಿ ಇಬ್ಬರು ಆಗಲೇ ಇಳಿದು ಹತ್ತಿರ ಬಂದಿದ್ದರು. ಭಾವ ಹೆಲ್ಮೆಟ್ಟನ್ನು ನನ್ನ ಕೈಗಿತ್ತರು.

“ನೀನೇ ಇಳಿ ಕಣೋ. ಇವತ್ತು ತೂಕ ಜಾಸ್ತಿ ಇದೆ.”

ಹನ್ನೊಂದು ವರ್ಷದಲ್ಲಿ ಅವರಿಗೆ ನಾನು ಎದುರಾಡಿರಲಿಲ್ಲ. “ನನಗೆ ಭಯ ಆಗುತ್ತೆ ಭಾವ,” ಎಂದೆ. “ಮೊದಲ ಸಲಾನೂ ಭಯ ಆಗಿತ್ತು, ಹೇಳಕ್ಕೆ ನಾಚಿಕೆ ಆಯ್ತು. ನಾನು ಇಳಿಯಲ್ಲ. ನೀವು ಒಂದೂವರೆ ಕಿಲೋಗೆ ಹೆದರಿಕೊಂಡು ವಾಪಸ್ ಹೋಗೋದಾದ್ರೆ ಹೋಗೋಣ ನಡೀರಿ.”

ಭಾವ ನನ್ನನ್ನೇ ನೋಡಿದರು. ಆಮೇಲೆ ಏನು ಹೊಳೆಯಿತೋ, ಹೋಗಿ ಖಾಲಿ ವೇ ಬ್ರಿಡ್ಜಿನ ಮೇಲೆ ನಿಂತರು. ಮೇಲಿನ ದೊಡ್ಡ ಕೆಂಪು ಅಂಕಿ ನೂರು ಎಂದಿತು. ವ್ಯಾನಿನಿಂದ ನಾಲ್ಕು ಕಿಲೋದ ಟೂಲ್ ಬಾಕ್ಸ್ ತರಿಸಿ ಕೈಯಲ್ಲಿ ಹಿಡಿದರು. ಆಗಲೂ ನೂರು. ಅದನ್ನು ಕೆಳಗಿಟ್ಟು ಇಳಿದು, ಹತ್ತಿ, ಮತ್ತೆ ನೋಡಿದರು. ನೂರೇ. ಲಾರಿಗೆಂದು ಮಾಡಿದ ಯಂತ್ರ ಇಪ್ಪತ್ತಿಪ್ಪತ್ತು ಕಿಲೋದ ಹೆಜ್ಜೆಯಲ್ಲೇ ಎಣಿಸುವುದು, ನಡುವಿನ ಚಿಲ್ಲರೆಯನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಇದನ್ನು ಗಿರಾಕಿಗಳಿಗೆ ಸಾವಿರ ಸಲ ವಿವರಿಸಿದವರು ಭಾವನೇ.

“ಆಪರೇಷನ್‌ಗೆ ಮುಂಚೆ ಇದು ನನ್ನನ್ನ ನೂರನಲವತ್ತು ಅಂತಿತ್ತು,” ಎಂದು ಮೆಲ್ಲಗೆ ಹೇಳಿದರು. ಪಕ್ಕದಲ್ಲಿ ಯಂತ್ರದ ತಗಡಿನ ಫಲಕವಿತ್ತು. ನಾನೂರು ಕಿಲೋಗಿಂತ ಕಡಿಮೆ ಇರುವುದನ್ನು ಇದರಲ್ಲಿ ತೂಗಕೂಡದು ಎಂದು ಅದರ ಮೇಲೆ ಕೊರೆದಿರುತ್ತದೆ. ಅದನ್ನು ಬೆರಳಿಟ್ಟು ಓದಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಇಷ್ಟು ವರ್ಷ ದಪ್ಪ ದಪ್ಪ ಅನ್ನಿಸಿಕೊಂಡವನು ಇದರ ಲೆಕ್ಕದಲ್ಲಿ ಭಾರವೇ ಅಲ್ಲವಂತೆ ಎಂದರು. ಚಾಲಕರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಭಾವ ನನ್ನ ಕೈಯಿಂದ ಹೆಲ್ಮೆಟ್ ಕಿತ್ತುಕೊಂಡು, ಮುಚ್ಚಳ ಸರಿಸಿ, ಇಳಿದುಬಿಟ್ಟರು.

ಒಳಗೆ ಐವತ್ತು ನಿಮಿಷ. ಸ್ಪ್ಯಾನರಿನ ಸದ್ದು, ನಡುನಡುವೆ ನನ್ನ ಹಳೆಯ ಕೆಲಸಕ್ಕೆ ಬೈಗುಳ. ಇಳಿಯುವುದು ದೊಡ್ಡದಲ್ಲ, ಕಳೆದ ಸಲವೂ ಇಳಿದಿದ್ದರು. ನಾನು ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದು ಬಾಯಿಯ ಪಕ್ಕದಲ್ಲೇ ಕೂತಿದ್ದೆ. ಮೊದಲು ಎರಡು ಕೈ ಬಂದವು, ಆಮೇಲೆ ತಲೆ, ಎದೆ. ಹೊಟ್ಟೆ ಬಂದಾಗ ನಾನು ಗ್ರೀಸಿಗೆ ಬೆರಳು ಅದ್ದಿದೆ. ಭಾವ ಅಂಚಿಗೆ ಅಂಗೈ ಊರಿ, ಮಂಡಿ ಮೇಲೆ ತಂದು, ಎದ್ದು ನಿಂತರು. ಅಷ್ಟೆ. ಯಾರ ಕೈಯೂ ಬೇಕಾಗಲಿಲ್ಲ.

ಅತ್ತವನು ನಾನು. ಭಾವ ಹೊರಗೆ ಬಂದರೆಂದೋ, ಇನ್ನು ನಾನು ಒಳಗೆ ಹೋಗಬೇಕಾಗಿಲ್ಲವೆಂದೋ, ದಯವಿಟ್ಟು ಕೇಳಬೇಡಿ. ಅಷ್ಟರಲ್ಲಿ ಅಕ್ಕನ ಫೋನು ಬಂತು. ಗ್ರಂಥಾಲಯದ ಒಳಗಿಂದಲೇ ಪಿಸುಗುಟ್ಟುತ್ತಿದ್ದಳು.

“ಹತ್ತಿ ಬಂದ್ರಾ?”

ಬಂದರು ಎಂದೆ. ನನ್ನ ಅಕ್ಕ, ಹತ್ತೊಂಬತ್ತು ವರ್ಷ ಓದುಗರಿಗೆಲ್ಲ ಶ್ ಶ್ ಎಂದು ಸುಮ್ಮನಿರಿಸಿದವಳು, ಅಷ್ಟೂ ಜನರ ನಡುವೆ ಖುಷಿಯಲ್ಲಿ ಹೋ ಎಂದು ಜೋರಾಗಿ ಕೂಗಿದ್ದು ನನಗೆ ಫೋನಿನಲ್ಲಿ ಕೇಳಿಸಿತು.